ದಪ್ಪಕ್ಷರವೆಲ್ಲ ಶೀರ್ಷಿಕೆಯಲ್ಲ

ಪ್ರಾಜೆಕ್ಟ್ ವರದಿಯನ್ನು ಮೊಬೈಲ್ ಫೋನಿನಲ್ಲೇ ಬರೆದು ಮುಗಿಸುವ ವಿದ್ಯಾರ್ಥಿಗಳು ಈಗ ಬೇಕಾದಷ್ಟು ಮಂದಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲವೆಂದು ಕೆಲಸ ನಿಲ್ಲುವುದಿಲ್ಲ. ತೊಂದರೆ ಎದುರಾಗುವುದು ವರದಿ ಒಪ್ಪಿಸುವ ಹಿಂದಿನ ರಾತ್ರಿ. 20 ಪುಟ, 30 ಉಪಶೀರ್ಷಿಕೆ ಎಂದಿಟ್ಟುಕೊಳ್ಳಿ. ಪ್ರತಿಯೊಂದನ್ನೂ ಬೆರಳಿನಿಂದ ಒತ್ತಿ ಹಿಡಿದು ದಪ್ಪ ಮಾಡಿದ್ದಾಗಿದೆ. ಒಂದರ ಗಾತ್ರ 16, ಇನ್ನೊಂದರದು 18, ಮತ್ತೊಂದಕ್ಕೆ ಅಡಿಗೆರೆ. ‘ಎಲ್ಲವೂ ಒಂದೇ ಸಮ ಇರಲಿ, ಪರಿವಿಡಿಯೂ ಬೇಕು’ ಎಂದು ಅಧ್ಯಾಪಕರು ಹೇಳಿಬಿಟ್ಟರೆ 30 ಸಾಲುಗಳನ್ನೂ ಮತ್ತೆ ಹುಡುಕಬೇಕು. ಅಂಗೈಯಗಲದ ಪರದೆಯಲ್ಲಿ ಇದೇನು ಸಣ್ಣ ಶಿಕ್ಷೆಯೆ?

ಇದಕ್ಕೆ ಪರಿಹಾರ ‘ಸ್ಟೈಲ್’, ಅಂದರೆ ಶೈಲಿ. ಸಾಲು ಹೇಗೆ ಕಾಣಬೇಕು ಎನ್ನುವ ಬದಲು ಅದು ಏನು ಎಂಬುದನ್ನು ಯಂತ್ರಕ್ಕೆ ತಿಳಿಸುವುದೇ ಇದರ ಗುಟ್ಟು. ಇದು ಶೀರ್ಷಿಕೆ, ಇದು ಉಪಶೀರ್ಷಿಕೆ, ಇದು ಸಾಮಾನ್ಯ ಪಠ್ಯ ಎಂದು ಗುರುತು ಹಚ್ಚಿದರೆ ಸಾಕು. ರೂಪದ ಹೊಣೆ ತಂತ್ರಾಂಶದ್ದು. ವಿಚಾರ ಹೊಸದೇನಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬ್ರಯನ್ ರೀಡ್ ರೂಪಿಸಿದ ‘ಸ್ಕ್ರೈಬ್’ ಇದೇ ತತ್ವದ ಮೇಲೆ ನಿಂತಿತ್ತು. ಅದನ್ನು ಕುರಿತ ಅವರ ಪಿಎಚ್.ಡಿ. ಪ್ರಬಂಧ 1980ರದು. 1983ರಲ್ಲಿ ಬಂದ ಮೈಕ್ರೋಸಾಫ್ಟ್ ವರ್ಡ್‌ನ ಮೊದಲ ಆವೃತ್ತಿಯಲ್ಲೂ ಶೈಲಿಪಟ್ಟಿಯ ಸೌಲಭ್ಯವಿತ್ತು.

ಫೋನಿನಲ್ಲಿ ಗೂಗಲ್ ಡಾಕ್ಸ್ ಬಳಸುವವರು ಸಾಲನ್ನು ಆಯ್ದುಕೊಂಡು, ಮೇಲಿರುವ ‘ಎ’ ಅಕ್ಷರದ ಚಿಹ್ನೆಯನ್ನು ಮುಟ್ಟಿದರೆ ಟೆಕ್ಸ್ಟ್ ವಿಭಾಗದಲ್ಲಿ ‘ಸ್ಟೈಲ್’ ಸಿಗುತ್ತದೆ. ಅಧ್ಯಾಯಕ್ಕೆ ಹೆಡಿಂಗ್ 1, ಅದರೊಳಗಿನ ಭಾಗಕ್ಕೆ ಹೆಡಿಂಗ್ 2, ಉಳಿದದ್ದಕ್ಕೆಲ್ಲ ನಾರ್ಮಲ್ ಟೆಕ್ಸ್ಟ್. ಆಮೇಲೆ ಔಟ್‌ಲೈನ್ ತೆರೆದರೆ ಶೀರ್ಷಿಕೆಗಳು ಸಾಲಾಗಿ ನಿಂತಿರುತ್ತವೆ. ಬೇಕಾದದ್ದನ್ನು ಮುಟ್ಟಿ ಆ ಪುಟಕ್ಕೆ ಹಾರಬಹುದು. ಪರಿವಿಡಿ ತಾನಾಗಿಯೇ ಸಿದ್ಧವಾಗುವುದೂ ಈ ಗುರುತುಗಳಿಂದಲೇ.

ನಿಜವಾದ ಲಾಭ ಕಾಣುವುದು ಶೈಲಿಯನ್ನೇ ತಿದ್ದುವಾಗ. ಐಫೋನಿನ ‘ಪೇಜಸ್’ನಲ್ಲಿ ಒಂದು ಶೀರ್ಷಿಕೆಯ ರೂಪ ಬದಲಿಸಿ ಶೈಲಿಯನ್ನು ಅಪ್‌ಡೇಟ್ ಮಾಡಿದರೆ ಅದೇ ಶೈಲಿಯ ಉಳಿದ ಶೀರ್ಷಿಕೆಗಳೂ ಬದಲಾಗುತ್ತವೆ. ಡಾಕ್ಸ್ ಬಳಸುವವರು ಈ ಕೆಲಸವನ್ನು ಕಂಪ್ಯೂಟರಿನಲ್ಲಿ, ಪ್ಯಾರಾಗ್ರಾಫ್ ಸ್ಟೈಲ್ಸ್ ಪಟ್ಟಿಯಿಂದ ಮಾಡಿಕೊಳ್ಳಬಹುದು. ಶಾಲೆಯ ಕಂಪ್ಯೂಟರಿನ ಮುಂದೆ ಹತ್ತು ನಿಮಿಷ ಸಿಕ್ಕರೆ ಸಾಕು, ಮನೆಗೆ ಬಂದು ಫೋನ್ ತೆರೆದಾಗ ಬದಲಾವಣೆ ಅಲ್ಲಿಯೂ ಇರುತ್ತದೆ. ಆದರೆ ಶೈಲಿ ಹಚ್ಚಿದ ಮೇಲೆ ಪುನಃ ಕೈಯಿಂದ ಗಾತ್ರ ಹಿಗ್ಗಿಸಿದ ಸಾಲು ಉಳಿದವುಗಳ ಜೊತೆ ಹೆಜ್ಜೆ ಹಾಕದೆ ಹೋಗಬಹುದು.

ಪೋಷಕರು ಇದನ್ನು ಬರೀ ಅಲಂಕಾರವೆಂದು ಎಣಿಸಬಾರದು. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳು ಟಾಕ್‌ಬ್ಯಾಕ್, ವಾಯ್ಸ್‌ಓವರ್‌ನಂತಹ ಓದುಗ ತಂತ್ರಾಂಶಗಳ ನೆರವಿನಿಂದ ಶೀರ್ಷಿಕೆಯಿಂದ ಶೀರ್ಷಿಕೆಗೆ ಸಾಗುತ್ತಾರೆ. ಸುಮ್ಮನೆ ದಪ್ಪ ಮಾಡಿದ ಸಾಲು ಅವರಿಗೆ ಶೀರ್ಷಿಕೆಯೆಂದು ತಿಳಿಯುವುದೇ ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಶೀರ್ಷಿಕೆಯ ಶೈಲಿಗೆ ಅಡಿಗೆರೆ ಬೇಡ. ‘ವಿಜ್ಞಾನ’, ‘ವಿದ್ಯುತ್ತು’ ಎಂಬಲ್ಲಿ ಗೆರೆ ಒತ್ತಕ್ಷರಗಳಿಗೇ ತಾಗಿ ಓದು ತೊಡಕಾಗುತ್ತದೆ. ವಾಲಿದ ಅಕ್ಷರವೂ ನಮ್ಮ ದುಂಡನೆಯ ಲಿಪಿಗೆ ಅಷ್ಟಾಗಿ ಒಪ್ಪದು. ಗಾತ್ರ, ದಪ್ಪ, ಮೇಲೆ ಕೆಳಗೆ ಒಂದಿಷ್ಟು ಖಾಲಿ ಜಾಗ ಇಷ್ಟರಿಂದಲೇ ಶೀರ್ಷಿಕೆ ಎದ್ದು ಕಾಣುತ್ತದೆ. ಸಾಮಾನ್ಯ ಪಠ್ಯದ ಸಾಲುಗಳ ನಡುವಿನ ಅಂತರವನ್ನು 1.5ಕ್ಕೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುವುದಿಲ್ಲ.