ರೋಗಿಗಿಂತ ಮುಂಚೆ ಹೊರಟ ಪಟ್ಟಿ

ದೇವಣಿ ಸೀಮೆಯಲ್ಲಿ ಎದೆನೋವಿಗೆ ಮೊದಲು ಸಿಗುವ ಹೆಸರು ಗ್ಯಾಸ್. ‘ಎದಿ ಉರೀಲತ್ತದ, ರಾತ್ರಿ ಉಂಡಿದ್ದು ಕರಗಿಲ್ಲ’ ಎಂದು ಮನೆಯವರೇ ತೀರ್ಪು ಕೊಟ್ಟು, ಅಜವಾನ ಅಗಿಯಲು ಕೊಟ್ಟು, ಸೋಡಾ ಕುಡಿಸಿ ಮಲಗಿಸುತ್ತಾರೆ. ಬಹಳ ಸಲ ಅದು ಗ್ಯಾಸೇ ಆಗಿರುತ್ತದೆ. ಆಗಿರದ ರಾತ್ರಿಯದೇ ಫಜೀತಿ. ಹೃದಯದ ಕೆಳಗೋಡೆಗೆ ರಕ್ತ ಹೋಗುವುದು ನಿಂತರೆ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಬಂದು ಕೂರುತ್ತದೆ. ಜೊತೆಗೆ ವಾಕರಿಕೆ, ತಣ್ಣನೆ ಬೆವರು. ಸಕ್ಕರೆ ಕಾಯಿಲೆಯವರಿಗಂತೂ ನೋವೇ ಇಲ್ಲದೆ ಬರೀ ದಮ್ಮು ಹತ್ತಬಹುದು. ನಾಡಿ ಹಿಡಿದು ಇದು ಅಜೀರ್ಣ, ಇದು ಹೃದಯಾಘಾತ ಎಂದು ವಿಂಗಡಿಸಲು ಎಂಥ ಡಾಕ್ಟರ್ ಸಾಹೇಬರಿಗೂ ಆಗದು. ಅದಕ್ಕೆ ಹತ್ತು ತಂತಿ, ಗುಲಾಬಿ ಚೌಕುಳಿಯ ಒಂದು ಕಾಗದದ ಪಟ್ಟಿ, ಅಂದರೆ ಇಸಿಜಿ ಬೇಕು.

ದೇವಣಿ, ನಿಲಂಗಾ, ಉದಗೀರ ಲಾತೂರ ಜಿಲ್ಲೆಯವು. ಉಮರ್ಗಾ ಧಾರಾಶಿವ ಜಿಲ್ಲೆಯದು. ಇಲ್ಲಿನ ಎಷ್ಟೋ ಮನೆಗಳ ಒಳಗೆ ಕನ್ನಡ, ಬಜಾರದಲ್ಲಿ ಮರಾಠಿ. ದೊಡ್ಡ ಬೇನೆ ಬಂದರೆ ಕಣ್ಣು ಲಾತೂರ, ಸೊಲ್ಲಾಪುರಗಳ ಕಡೆಗೂ ಹೊರಳುತ್ತದೆ, ಗಡಿಯಾಚೆಯ ಬೀದರ, ಕಲಬುರಗಿಗಳ ಕಡೆಗೂ ಹೊರಳುತ್ತದೆ. ಯಾವ ದಿಕ್ಕು ಹಿಡಿದರೂ ಗಾಡಿಯಲ್ಲಿ ಕೂತೇ ಹೋಗಬೇಕು. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಅರ್ಧ ಗಂಟೆಯ ಆಸುಪಾಸಿನಲ್ಲೇ ಮಾಂಸಖಂಡ ಸಾಯತೊಡಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದಿನ ಲಾಭ ಮೊದಲ ಎರಡು ಮೂರು ತಾಸಿನಲ್ಲಿ ಹೆಚ್ಚು, ಹನ್ನೆರಡು ತಾಸು ದಾಟಿದ ಮೇಲೆ ಇಲ್ಲವೆನ್ನುವಷ್ಟು ಕಡಿಮೆ. ರೋಗಿ ದೊಡ್ಡ ದವಾಖಾನೆ ತಲುಪುವ ಮೊದಲೇ ಅವನ ಪಟ್ಟಿ ಅಲ್ಲಿಗೆ ತಲುಪಿದರೆ?

ಈ ಉಪಾಯ ವಾಟ್ಸ್ಆ್ಯಪ್ ಕಾಲದ್ದೇನಲ್ಲ. ಇಸಿಜಿಯ ಜನಕ ವಿಲ್ಲೆಮ್ ಐಂಥೋವನ್ ಹಾಲೆಂಡಿನ ಲೈಡನ್ ಊರಿನಲ್ಲಿ ಕೆಲಸ ಮಾಡುತ್ತಿದ್ದವ. ಅವನ ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ ಬೇಕು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಬಾನಿಗಳಲ್ಲಿ ಅದ್ದಿ ಕೂರಬೇಕು. ಇಂಥ ಯಂತ್ರವನ್ನು ದವಾಖಾನೆಗೆ ಸಾಗಿಸುವುದು ಆಗದ ಮಾತು. ಹಾಗಾಗಿ 1905ರಲ್ಲಿ ಆತ ಒಂದೂವರೆ ಕಿಲೋಮೀಟರ್ ದೂರದ ದವಾಖಾನೆಯಲ್ಲಿದ್ದ ರೋಗಿಯ ಎದೆಬಡಿತವನ್ನು ಟೆಲಿಫೋನ್ ತಂತಿಯ ಮೇಲೆ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡ. ಪಿ, ಕ್ಯೂ, ಆರ್, ಎಸ್, ಟಿ ಎಂದು ಅಲೆಗಳಿಗೆ ಹೆಸರಿಟ್ಟವನೂ ಅವನೇ. 1924ರಲ್ಲಿ ನೊಬೆಲ್ ಬಂತು. ಇಸಿಜಿ ತೊಟ್ಟಿಲಲ್ಲಿದ್ದಾಗಲೇ ದೂರ ಪ್ರಯಾಣ ಕಲಿತಿತ್ತು.

ಕಾಗದದ ಲೆಕ್ಕ ಸುಲಭ. ಪಟ್ಟಿ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು. ಎಸ್ ಮತ್ತು ಟಿ ನಡುವಿನ ಗೆರೆ ನೆಲಮಟ್ಟದಲ್ಲಿರಬೇಕು. ಅದು ಅಕ್ಕಪಕ್ಕದ ಎರಡು ಲೀಡುಗಳಲ್ಲಿ (ಹೃದಯವನ್ನು ಒಂದೊಂದು ಕೋನದಿಂದ ನೋಡುವ ಗೆರೆಗಳಲ್ಲಿ) ಮೇಲೆದ್ದಿದ್ದರೆ ದೊಡ್ಡ ನಾಳವೊಂದು ಮುಚ್ಚಿರಬಹುದು, ತಡಮಾಡುವಂತಿಲ್ಲ. ಗೆರೆ ಯಾವ ಲೀಡುಗಳಲ್ಲಿ ಎದ್ದಿದೆ ಎಂಬುದರಿಂದ ಹೃದಯದ ಯಾವ ಗೋಡೆಗೆ ಪೆಟ್ಟು ಎಂದೂ ತಿಳಿಯುತ್ತದೆ.

ಆದ ಪೆಟ್ಟನ್ನು ತೋರಿಸುವುದಷ್ಟೇ ಅಲ್ಲ, ಪಟ್ಟಿ ಮುಂದಿನದನ್ನೂ ಸ್ವಲ್ಪ ಹೇಳುತ್ತದೆ. ಚುಚ್ಚುಮದ್ದು ಕೊಟ್ಟು ಒಂದರಿಂದ ಒಂದೂವರೆ ತಾಸಿಗೆ ಮತ್ತೊಂದು ಇಸಿಜಿ ತೆಗೆದಾಗ ಎದ್ದ ಗೆರೆ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ನಾಳ ತೆರೆದಿದೆ ಎಂಬ ಭರವಸೆ. ಇಳಿಯದಿದ್ದರೆ ಆಂಜಿಯೋಪ್ಲಾಸ್ಟಿಗೆ ಓಡಬೇಕು. ಆಳವಾದ ಕ್ಯೂ ಅಲೆ ಹಳೆಯ ಗಾಯದ ಕಲೆ ಇರಬಹುದು. ಕ್ಯೂಆರ್‌ಎಸ್ ಮೂರು ಸಣ್ಣ ಚೌಕ ಮೀರಿ ಅಗಲವಾಗಿದ್ದರೆ, ಅದರಲ್ಲೂ ಹೃದಯ ಮೊದಲೇ ಸೋತಿದ್ದರೆ, ಮುಂದಿನ ದಾರಿ ಕಠಿಣ. ಈಗ ಕಂಪ್ಯೂಟರುಗಳು ನಮ್ಮ ಕಣ್ಣಿಗೆ ಕಾಣದ್ದನ್ನೂ ಓದತೊಡಗಿವೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಸುಮಾರು 1.8 ಲಕ್ಷ ಜನರ ಪಟ್ಟಿಗಳನ್ನು ಬಳಸಿ, ಸರಿಯಾಗಿ ಬಡಿಯುತ್ತಿರುವಂತೆ ಕಾಣುವ ಹೃದಯದಲ್ಲೂ ಲಯ ತಪ್ಪುವ ಕಾಯಿಲೆಯ ಸುಳಿವು ಹಿಡಿಯಬಹುದೆಂದು 2019ರಲ್ಲಿ ತೋರಿಸಿದರು.

ಕರ್ನಾಟಕದಲ್ಲಿ ಐಂಥೋವನ್ನನ ಉಪಾಯಕ್ಕೆ ಎರಡು ರೂಪ ಬಂದಿವೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹೆಸರಿನಲ್ಲಿ ಹಳ್ಳಿಯ ದವಾಖಾನೆಗಳಿಗೆ ಇಸಿಜಿ ಯಂತ್ರ ಕೊಡಿಸುತ್ತ ಬಂದಿದ್ದಾರೆ. ಹಳ್ಳಿಯ ವೈದ್ಯರು ಪಟ್ಟಿಯ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ತಜ್ಞರು ಓದಿ ಹೇಳುತ್ತಾರೆ. ಇನ್ನೊಂದು ಸರ್ಕಾರದ್ದು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ತೀರಿಕೊಂಡ ಚಿತ್ರನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2024ರಲ್ಲಿ ಶುರುವಾದ ‘ಹೃದಯ ಜ್ಯೋತಿ’. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಪಟ್ಟಿ ಯಂತ್ರಬುದ್ಧಿಯ ನೆರವಿನಿಂದ ಕೆಲವೇ ನಿಮಿಷದಲ್ಲಿ ಓದಿಸಿಕೊಂಡು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯಾಗುವ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಪುಕ್ಕಟೆ. ನನಗೆ ಎರಡನೆಯದರಲ್ಲಿ ಹೆಚ್ಚು ಜೀವ ಕಾಣುತ್ತದೆ. ಚುಚ್ಚುಮದ್ದೇ ಇಲ್ಲದ ಊರಿನಲ್ಲಿ ಬರೀ ರೋಗದ ಹೆಸರು ತಿಳಿದರೆ ಏನು ಬಂತು?

ಹಾಗೆಂದು ಪಟ್ಟಿ ಜಾತಕವಲ್ಲ. 2025ರ ಬೇಸಿಗೆ ಕಳೆಯುವ ಹೊತ್ತಿಗೆ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ, ಜಯದೇವದ ಮುಂದೆ ಬೆಳಗಿನಿಂದಲೇ ಜನ ಸಾಲು ನಿಂತರು. ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದಿತು. ನೋವಿಲ್ಲದವನ ಇಸಿಜಿ ಚೆನ್ನಾಗಿ ಬಂದರೆ ಆ ಹತ್ತು ಸೆಕೆಂಡು ಹೃದಯ ಸರಿಯಾಗಿ ಬಡಿದಿದೆ ಎಂದಷ್ಟೇ ಅರ್ಥ. ನಾಳದೊಳಗಿನ ಕೊಬ್ಬು ಅದರಲ್ಲಿ ಕಾಣದಿರಬಹುದು. ನೋವಿದ್ದವನ ಮೊದಲ ಪಟ್ಟಿಯೂ ಸುಳ್ಳು ಸಮಾಧಾನ ಕೊಟ್ಟೀತು. ಅದಕ್ಕೇ ನೋವು ನಿಲ್ಲದಿದ್ದರೆ ಕಾಲು ಅಥವಾ ಅರ್ಧ ತಾಸಿಗೊಮ್ಮೆ ಮತ್ತೆ ತೆಗೆಯಬೇಕು. ‘ಒಮ್ಮೆ ತಗಿಸೀವಿ, ನಾರ್ಮಲ್ ಅದ’ ಎಂದು ಮನೆಗೆ ಎದ್ದು ಬರುವುದು ನಮ್ಮ ಕಡೆಯ ದೊಡ್ಡ ತಪ್ಪು.

ಸಣ್ಣ ತಪ್ಪುಗಳೂ ಇವೆ. ಎರಡು ಕೈಗಳ ತಂತಿ ಅದಲು ಬದಲಾದರೆ ಮೊದಲ ಲೀಡು ತಲೆಕೆಳಗಾಗುತ್ತದೆ. ಹೆಂಗಸರು ಸಂಕೋಚಪಟ್ಟರೆ ಎದೆಯ ಆರು ಬಿಂದುಗಳು ಇರಬೇಕಾದ ಜಾಗ ಬಿಟ್ಟು ಅತ್ತಿತ್ತ ಹೋಗುತ್ತವೆ, ಗೆರೆ ಬೇರೆಯೇ ಕಥೆ ಹೇಳುತ್ತದೆ. ಒಂದು ಪರದೆ, ಒಬ್ಬ ನರ್ಸಮ್ಮ ಇದ್ದರೆ ತೀರುವ ಕೆಲಸ. ಹಲ್ಲಿಗೆ ಮಿಶ್ರಿ ತಿಕ್ಕುವ ಅವ್ವಂದಿರಿಗೂ ತಂಬಾಕಿನ ಪಾಲು ತಪ್ಪಿದ್ದಲ್ಲ; ಎದೆನೋವು ಗಂಡಸರ ಬೇನೆ ಎಂದು ಅವರನ್ನು ಹಿಂದೆ ಕೂರಿಸಬಾರದು.

ಇನ್ನೊಂದು ಮಾತು, ಹಳೆಯ ಪಟ್ಟಿಯದು. ಈಗಿನ ಗೆರೆ ಹೊಸ ಪೆಟ್ಟೋ ಹಿಂದಿನ ಕಲೆಯೋ ಎಂದು ಗೊತ್ತಾಗಲು ವೈದ್ಯರಿಗೆ ಹಳೆಯದರ ಜೊತೆ ಇಟ್ಟು ನೋಡಬೇಕು. ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಟ್ರಂಕಿನಲ್ಲಿಟ್ಟವರು ಬಹಳ. ಆದರೆ ಹೆಚ್ಚಿನವು ಬಿಸಿಗೆ ಅಕ್ಷರ ಮೂಡಿಸುವ ಕಾಗದ. ಪತ್ರಾಸಿನ ಮನೆಯ ಮೇ ತಿಂಗಳ ಧಗೆಗೆ, ಆ ಪ್ಲಾಸ್ಟಿಕ್ಕಿಗೆ ಗೆರೆಗಳು ಮಾಸುತ್ತ ಹೋಗುತ್ತವೆ. ತೆಗೆಸಿದ ದಿನವೇ ಮೊಬೈಲಿನಲ್ಲಿ ಫೋಟೊ ಹಿಡಿದು, ಊರಿನಲ್ಲಿರುವ ಮಗನಿಗೂ ಪುಣೆಯಲ್ಲಿರುವ ಮಗಳಿಗೂ ಕಳಿಸಿಡಿ.