ಮನೆ ಬದಲಾದಾಗ ಮೀಟರು, ಸಿಲಿಂಡರು

ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ ಮನೆಗಳಿಗೆ ಕರೆಂಟು ಕೊಡುವ ಸಂಸ್ಥೆ ಒಂದೇ, ಜೆಸ್ಕಾಂ. ಒಂದು ಓಣಿಯಿಂದ ಇನ್ನೊಂದು ಓಣಿಗೆ ಮನೆ ಬದಲಿಸಿದರೂ, ಆಳಂದಕ್ಕೆ ಅಥವಾ ಜೇವರ್ಗಿಗೆ ಹೋಗಿ ನೆಲೆಸಿದರೂ ಬಿಲ್ಲಿನ ಮೇಲಿನ ಹೆಸರು ಬದಲಾಗುವುದಿಲ್ಲ. ಭೀಮಾ ನದಿ ದಾಟಿ ವಿಜಯಪುರ ಜಿಲ್ಲೆಯ ಇಂಡಿ ಕಡೆಗೆ ಹೋದರೆ ಹೆಸ್ಕಾಂ ಬರುತ್ತದೆ. ಗಡಿ ದಾಟಿ ಅಕ್ಕಲಕೋಟೆಗೋ ಸೊಲ್ಲಾಪುರಕ್ಕೋ ಹೋದರೆ ಮಹಾರಾಷ್ಟ್ರದ ಮಹಾವಿತರಣ ಬರುತ್ತದೆ. ಗ್ರಾಹಕ ಕಂಪನಿಯನ್ನು ಆರಿಸುವುದಿಲ್ಲ; ಅವನು ಯಾವ ನೆಲದ ಮೇಲೆ ಮನೆ ಹಿಡಿದನೋ ಆ ನೆಲವೇ ಕಂಪನಿಯನ್ನು ನಿರ್ಧರಿಸುತ್ತದೆ. ಆದ್ದರಿಂದ ಈ ಭಾಗದಲ್ಲಿ ಮನೆ ಬದಲಿಸುವವರು ಯಾವ ಕಂಪನಿ ಅಗ್ಗ ಎಂದು ಹುಡುಕಬೇಕಾಗಿಲ್ಲ. ಹಳೆಯ ಮನೆಯ ಲೆಕ್ಕವನ್ನು ಚೊಕ್ಕಟವಾಗಿ ಮುಗಿಸಿ, ಹೊಸ ಮನೆಯ ಲೆಕ್ಕವನ್ನು ತಮ್ಮ ಹೆಸರಿನಲ್ಲಿ ಸರಿಯಾಗಿ ತೆರೆಯುವುದೇ ಅವರ ಮುಂದಿರುವ ಕೆಲಸ.

ಈ ವ್ಯವಸ್ಥೆ ಬಂದ ಬಗೆ

ರಾಜ್ಯದ ವಿದ್ಯುತ್ ವಿತರಣೆ ಬಹುಕಾಲ ವಿದ್ಯುತ್ ಮಂಡಳಿಯ ಕೈಯಲ್ಲಿತ್ತು. 1999ರ ಸುಧಾರಣಾ ಕಾಯ್ದೆಯ ನಂತರ ಮಂಡಳಿಯ ಜಾಗಕ್ಕೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಬಂತು. 2002ರ ಜೂನ್ 1ರಿಂದ ವಿತರಣೆಯ ಹೊಣೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಮತ್ತು ಗುಲ್ಬರ್ಗ ಕೇಂದ್ರಗಳ ನಾಲ್ಕು ಕಂಪನಿಗಳಿಗೆ ಹಂಚಿಕೆಯಾಯಿತು. ಮೈಸೂರಿನ ಚಾಮುಂಡೇಶ್ವರಿ ಕಂಪನಿ 2005ರಲ್ಲಿ ಸೇರಿ ಅವು ಐದಾದವು. ಜೆಸ್ಕಾಂ ವ್ಯಾಪ್ತಿಯಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಿವೆ. ಈ ಐದು ಕಂಪನಿಗಳಿಂದ ಹೊರಗುಳಿದದ್ದು ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಅಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಇಂದಿಗೂ ಮನೆಮನೆಗೆ ಕರೆಂಟು ಕೊಡುತ್ತದೆ.

ಕಂಪನಿ ಬದಲಾದರೂ ರಾಜ್ಯದೊಳಗೆ ದರದ ಚಿಂತೆ ದೊಡ್ಡದಲ್ಲ. ಎಲ್ಲ ಕಂಪನಿಗಳ ದರವನ್ನೂ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೇ ನಿಗದಿ ಮಾಡುತ್ತದೆ. 2024ರ ಏಪ್ರಿಲ್ 1ರಿಂದ ಗೃಹಬಳಕೆಯ ಸ್ಲ್ಯಾಬ್ ಪದ್ಧತಿ ಹೋಗಿ ಎಲ್ಲ ಯೂನಿಟ್‌ಗೂ ಒಂದೇ ದರ ಬಂದಿದೆ. ಅತನೂರಿನಿಂದ ಇಂಡಿಗೆ ಹೋದವರಿಗೆ ಬಿಲ್ಲಿನ ಹೆಸರು, ಖಾತೆ ಸಂಖ್ಯೆ ಮತ್ತು ಕಚೇರಿ ಬೇರೆಯಾಗುತ್ತವೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದವರಿಗೆ ದರಪಟ್ಟಿಯೇ ಬೇರೆ.

ಹಳೆಯ ಮನೆ ಬಿಡುವಾಗ

ಪ್ರತಿ ಸಂಪರ್ಕಕ್ಕೂ ಒಂದು ಆರ್.ಆರ್. ನಂಬರ್ ಮತ್ತು ಒಂದು ಖಾತೆ ಸಂಖ್ಯೆ ಇರುತ್ತವೆ. ಇವು ಮನೆಗೆ ಅಂಟಿಕೊಂಡವು, ಮನುಷ್ಯನ ಜೊತೆ ಹೋಗುವುದಿಲ್ಲ. ಬಾಡಿಗೆದಾರ ಮನೆ ಖಾಲಿ ಮಾಡಿದ ಮೇಲೂ ಮೀಟರು ಅಲ್ಲೇ ತಿರುಗುತ್ತದೆ. ಹೊಸಬರು ಬಂದು ಉರಿಸಿದ ಯೂನಿಟ್‌ಗಳೂ ಹಳಬರ ಯೂನಿಟ್‌ಗಳೂ ಒಂದೇ ಬಿಲ್ಲಿನಲ್ಲಿ ಸೇರಿದಾಗ ಜಗಳ ಹುಟ್ಟುತ್ತದೆ.

ಇದಕ್ಕೆ ಕಾನೂನಿನಲ್ಲೇ ಪರಿಹಾರವಿದೆ. 2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ, ಮನೆ ಖಾಲಿಯಾಗುವಾಗ ಅಥವಾ ವಾಸವಿರುವವರು ಬದಲಾಗುವಾಗ ಗ್ರಾಹಕ ಕೇಳಿದರೆ ಕಂಪನಿ ವಿಶೇಷವಾಗಿ ಮೀಟರ್ ಓದಿಸಿ, ಬಾಕಿಯನ್ನೂ ಸೇರಿಸಿ ಅಂತಿಮ ಬಿಲ್ ಕೊಡಬೇಕು. ಹಣ ಕಟ್ಟಿದ ಮೇಲೆ ಬೇಬಾಕಿ ಪತ್ರ ಕೊಡಬೇಕು. ಅಂತಿಮ ಬಿಲ್ ಕೊಟ್ಟ ಬಳಿಕ ಅದಕ್ಕಿಂತ ಹಿಂದಿನ ಅವಧಿಗೆ ಬೇರೆ ಹಣ ಕೇಳಲು ಕಂಪನಿಗೆ ಹಕ್ಕಿಲ್ಲ. ಮನೆ ಬಿಡುವ ಕೆಲವು ದಿನ ಮೊದಲೇ ಸೆಕ್ಷನ್ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಅಗತ್ಯ. ಬೀಗದ ಕೈ ಒಪ್ಪಿಸುವ ದಿನ ಮೀಟರಿನ ಅಂಕಿ ಕಾಣುವಂತೆ ಫೋಟೊ ತೆಗೆದು, ಆ ಅಂಕಿಯನ್ನು ಮನೆ ಮಾಲೀಕರಿಂದ ಬರೆಸಿ ಸಹಿ ಹಾಕಿಸಿಕೊಂಡರೆ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ.

ಸಂಪರ್ಕ ಸ್ವಂತ ಹೆಸರಿನಲ್ಲಿದ್ದರೆ ಠೇವಣಿಯ ಮಾತೂ ಬರುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 47ನೇ ಕಲಂ ಪ್ರಕಾರ ಗ್ರಾಹಕರ ಭದ್ರತಾ ಠೇವಣಿಗೆ ಕಂಪನಿ ಬಡ್ಡಿ ಕೊಡಬೇಕು. ಸಂಪರ್ಕ ಮುಗಿದಾಗ ಬಾಕಿ ಮುರಿದುಕೊಂಡು ಉಳಿದದ್ದನ್ನು ಮರಳಿಸಬೇಕು. ಹಳೆಯ ಠೇವಣಿ ರಸೀದಿಯನ್ನು ಜೋಪಾನವಾಗಿಟ್ಟ ಕುಟುಂಬಕ್ಕೆ ಈ ಹಣ ಕೇಳುವುದು ಸುಲಭ.

ಹೊಸ ಮನೆಗೆ ಬರುವಾಗ

ಕೊಂಡ ಮನೆಯಾದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆ ಆರ್.ಆರ್. ನಂಬರಿನ ಮೇಲಿನ ಹಳೆಯ ಬಾಕಿ. ಮಾರಿದವರ ಬಾಕಿ ಮಾರಿದವರದೇ ಎಂಬ ನಂಬಿಕೆ ಊರುಗಳಲ್ಲಿ ಬಲವಾಗಿದೆ. ಆದರೆ 2023ರ ಮೇ 19ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ರಾಜ್ಯದ ವಿದ್ಯುತ್ ನಿಯಮಗಳು ಅವಕಾಶ ಕೊಟ್ಟಿದ್ದರೆ ಹಿಂದಿನ ಮಾಲೀಕನ ಬಾಕಿಯನ್ನು ಹೊಸ ಮಾಲೀಕನಿಂದ ವಸೂಲು ಮಾಡಬಹುದು, ಬಾಕಿ ತೀರದೆ ಸಂಪರ್ಕ ಕೊಡಲು ಕಂಪನಿ ನಿರಾಕರಿಸಬಹುದು ಎಂದು ಹೇಳಿತು. ಹೀಗಾಗಿ ಖರೀದಿ ಪತ್ರ ನೋಂದಣಿಗೆ ಹೋಗುವ ಮೊದಲೇ ಬೇಬಾಕಿ ಪತ್ರ ಕೈಯಲ್ಲಿರಬೇಕು. ನೋಂದಣಿಯಾದ ಮೇಲೆ ಖರೀದಿ ಪತ್ರ, ಗ್ರಾಮ ಪಂಚಾಯಿತಿಯ ಉತಾರ ಅಥವಾ ಇ-ಸ್ವತ್ತಿನ ನಮೂನೆ, ಗುರುತಿನ ಚೀಟಿ ಮತ್ತು ಇತ್ತೀಚಿನ ಬಿಲ್ ಜೊತೆಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ತೀರಿಕೊಂಡ ತಂದೆಯ ಹೆಸರಿನಲ್ಲೇ ವರ್ಷಗಟ್ಟಲೆ ಬಿಲ್ ಬರಲು ಬಿಟ್ಟರೆ ಮುಂದೆ ಠೇವಣಿ ಕೇಳುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ತೊಡಕು ತಪ್ಪಿದ್ದಲ್ಲ.

ಹೊಸದಾಗಿ ಕಟ್ಟಿದ ಮನೆಗೆ ಹೊಸ ಸಂಪರ್ಕವೇ ಬೇಕು. ಕಾಯ್ದೆಯ 43ನೇ ಕಲಂ ಪ್ರಕಾರ ಮನೆಯ ಮಾಲೀಕ ಅಥವಾ ವಾಸವಿರುವವರು ಕೇಳಿದರೆ ಸಂಪರ್ಕ ಕೊಡುವುದು ಕಂಪನಿಯ ಕರ್ತವ್ಯ. ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ಆದ ತಿದ್ದುಪಡಿಯ ನಂತರ ಅರ್ಜಿ ಎಲ್ಲ ರೀತಿಯಲ್ಲೂ ಸರಿಯಿದ್ದರೆ ಮಹಾನಗರದಲ್ಲಿ 3 ದಿನ, ಪುರಸಭೆಗಳಂಥ ಪಟ್ಟಣದಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನದೊಳಗೆ ಸಂಪರ್ಕ ಸಿಗಬೇಕು. ಹೊಸ ಕಂಬ, ತಂತಿ ಎಳೆಯಬೇಕಾದಲ್ಲಿ ಇದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಬಾಡಿಗೆದಾರರಿಗೂ ಈ ಹಕ್ಕು ಇದೆ. ಮಾಲೀಕ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೇ ಬಾಡಿಗೆದಾರನಿಗೆ ಕರೆಂಟು ನಿರಾಕರಿಸಲಾಗದು, ಅದು ಬದುಕಿನ ಮೂಲ ಸೌಕರ್ಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ತೊಗರಿ, ಹತ್ತಿ, ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಊರೊಳಗಿನ ಮನೆ ಬಿಟ್ಟು ಹೊಲದಲ್ಲಿ ಮನೆ ಕಟ್ಟಿಕೊಳ್ಳುವವರೂ ಇದ್ದಾರೆ. ಅಲ್ಲಿ ಪಂಪ್‌ಸೆಟ್ಟಿನ ತಂತಿಯಿಂದಲೇ ಮನೆಗೆ ಕರೆಂಟು ಎಳೆದುಕೊಳ್ಳುವುದು ಸಲೀಸು ಅನ್ನಿಸಬಹುದು. ಆದರೆ ಒಂದು ಉದ್ದೇಶಕ್ಕೆ ಪಡೆದ ಸಂಪರ್ಕವನ್ನು ಇನ್ನೊಂದಕ್ಕೆ ಬಳಸುವುದು ಕಾಯ್ದೆಯ 126ನೇ ಕಲಂ ಪ್ರಕಾರ ಅನಧಿಕೃತ ಬಳಕೆ. ಅದಕ್ಕೆ ದುಪ್ಪಟ್ಟು ದರದಲ್ಲಿ ಬಿಲ್ ಬೀಳುತ್ತದೆ. ಹೊಲದ ಮನೆಗೂ ಗೃಹಬಳಕೆಯ ಪ್ರತ್ಯೇಕ ಮೀಟರು ಬೇಕು.

ಗೃಹಜ್ಯೋತಿಯನ್ನು ಬಿಡಿಸಿ, ಮತ್ತೆ ಜೋಡಿಸುವುದು

ಈಗ ಮನೆ ಬದಲಿಸುವವರ ಮುಖ್ಯ ಪ್ರಶ್ನೆ ಗೃಹಜ್ಯೋತಿಯದು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಕರೆಂಟು ಕೊಡುವ ಈ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. ಅದರ ವಿಧ್ಯುಕ್ತ ಚಾಲನೆ ನಡೆದದ್ದು ಆ ವರ್ಷದ ಆಗಸ್ಟ್ 5ರಂದು, ಕಲಬುರಗಿಯಲ್ಲೇ. ಎಲ್ಲರಿಗೂ 200 ಯೂನಿಟ್ ಸಿಗುತ್ತದೆ ಎಂಬುದು ತಪ್ಪು ತಿಳಿವಳಿಕೆ. 2022-23ರ ತಿಂಗಳ ಸರಾಸರಿ ಬಳಕೆ ಮತ್ತು ಅದರ ಶೇ 10ರಷ್ಟು ಸೇರಿದರೆ ಆ ಸಂಪರ್ಕದ ಅರ್ಹತೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರ ಆರಂಭದಿಂದ ಶೇ 10ರ ಬದಲು 10 ಯೂನಿಟ್ ಸೇರಿಸಿಕೊಡಲಾಗುತ್ತಿದೆ. ಅರ್ಹತೆ ಮೀರಿದ ಯೂನಿಟ್‌ಗೆ ಹಣ ಕಟ್ಟಬೇಕು. ಬಳಕೆ 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ.

ಬಾಡಿಗೆದಾರರೂ ಇದರ ಫಲಾನುಭವಿಗಳು. ಆದರೆ ಒಂದು ಆಧಾರ್ ಸಂಖ್ಯೆಗೆ ಒಂದೇ ಸಂಪರ್ಕ. ಹಳೆಯ ಮನೆಯ ಖಾತೆಗೆ ಆಧಾರ್ ಅಂಟಿಕೊಂಡಿರುವ ತನಕ ಹೊಸ ಮನೆಯಲ್ಲಿ ನೋಂದಣಿ ಆಗುವುದಿಲ್ಲ. ಈ ತೊಡಕಿಗಾಗಿ 2024ರಲ್ಲಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಳೆಯ ಜೋಡಣೆ ಬಿಡಿಸುವ ಸೌಲಭ್ಯ ಬಂತು. ಮನೆ ಬಿಟ್ಟ ದಿನವೇ ಹಳೆಯ ಖಾತೆಯಿಂದ ಆಧಾರ್ ಬಿಡಿಸಬೇಕು. ಬಳಿಕ ಹೊಸ ಮನೆಯ ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ ನೋಡಿ ಮತ್ತೆ ನೋಂದಾಯಿಸಬೇಕು. ಹಿಂದಿನ ಬಾಡಿಗೆದಾರರು ಬಿಡಿಸದೆ ಹೋಗಿದ್ದರೆ ಹೊಸಬರಿಗೆ ಅಡ್ಡಿಯಾಗುತ್ತದೆ. ಆದ್ದರಿಂದ ಬಾಡಿಗೆ ಮಾತುಕತೆಯಲ್ಲೇ ಈ ವಿಷಯ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು.

ಗ್ಯಾಸ್ ಜೊತೆಗೆ ಬರುತ್ತದೆ

ಕರೆಂಟಿಗಿಂತ ಭಿನ್ನವಾಗಿ ಅಡುಗೆ ಅನಿಲದ ಸಂಪರ್ಕ ಮನುಷ್ಯನ ಹೆಸರಿಗೆ ಸೇರಿದ್ದು. 17 ಅಂಕಿಗಳ ಎಲ್‌ಪಿಜಿ ಐಡಿ ಗ್ರಾಹಕರ ಜೊತೆಗೇ ಸಾಗುತ್ತದೆ. ಹತ್ತಿರದ ಊರಿಗೆ, ಅದೇ ಕಂಪನಿಯ ಇನ್ನೊಂದು ಏಜೆನ್ಸಿಗೆ ಹೋಗುವುದಾದರೆ ವರ್ಗಾವಣೆ ಸೂಚನೆ ಸಾಕು. ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಬೇಕಾಗಿಲ್ಲ. ದೂರದ ಊರಿಗೆ ಹೋಗುವವರು ಸಿಲಿಂಡರ್ ಮತ್ತು ರೆಗ್ಯುಲೇಟರ್ ಒಪ್ಪಿಸಿ, ಹಿಂದೆ ಕಟ್ಟಿದ ಠೇವಣಿ ಹಿಂಪಡೆದು, ವರ್ಗಾವಣೆ ವೋಚರ್ ತೆಗೆದುಕೊಳ್ಳಬೇಕು. ಹೊಸ ಊರಿನ ಏಜೆನ್ಸಿಯಲ್ಲಿ ಆ ವೋಚರ್ ತೋರಿಸಿ, ಈಗಿನ ದರದ ಠೇವಣಿ ಕಟ್ಟಿದರೆ ಸಿಲಿಂಡರ್ ಸಿಗುತ್ತದೆ. ಒಲೆ ಗ್ರಾಹಕರದೇ ಆಸ್ತಿ, ಅದನ್ನು ಒಪ್ಪಿಸಬೇಕಾಗಿಲ್ಲ. 2022ರ ಜೂನ್‌ನಲ್ಲಿ 14.2 ಕಿಲೋ ಸಿಲಿಂಡರಿನ ಠೇವಣಿ 1,450 ರೂಪಾಯಿಯಿಂದ 2,200 ರೂಪಾಯಿಗೆ ಏರಿದ್ದರಿಂದ, ಹಳೆಯ ಕಾಲದ ಸಂಪರ್ಕ ಇದ್ದವರು ಕೈಯಿಂದ ಹೆಚ್ಚು ಹಣ ಸೇರಿಸಬೇಕಾಗುತ್ತದೆ.

ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಎಂಬ ಮೂರು ಸರ್ಕಾರಿ ಕಂಪನಿಗಳ ನಡುವೆ ಆಯ್ಕೆಯೂ ಉಂಟು. 2013ರ ಅಕ್ಟೋಬರ್‌ನಲ್ಲಿ ಕೆಲವು ನಗರಗಳಲ್ಲಿ ಪ್ರಯೋಗವಾಗಿ ಶುರುವಾದ ಪೋರ್ಟಬಿಲಿಟಿ 2014ರ ಜನವರಿಯಲ್ಲಿ ದೇಶದ ಬಹಳಷ್ಟು ಜಿಲ್ಲೆಗಳಿಗೆ ವಿಸ್ತರಿಸಿತು. ಅಕ್ಕಪಕ್ಕದ ಏಜೆನ್ಸಿಗಳ ಒಂದು ಗುಂಪಿನೊಳಗೆ ಮಾತ್ರ ಬದಲಾವಣೆ ಸಾಧ್ಯ. ಒಂದೇ ಏಜೆನ್ಸಿ ಇರುವ ಹಳ್ಳಿಗಳಲ್ಲಿ ಇದರ ಲಾಭ ಕಡಿಮೆ, ಕಲಬುರಗಿಯಂಥ ಊರಲ್ಲಿ ಹೆಚ್ಚು.

ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿಗೆ ವಿಳಾಸದ ದಾಖಲೆಯೇ ದೊಡ್ಡ ತೊಡಕು. 2021ರ ಆಗಸ್ಟ್ 10ರಂದು ಆರಂಭವಾದ ಉಜ್ವಲ ಅಡುಗೆ ಅನಿಲ ಯೋಜನೆಯ ಎರಡನೇ ಹಂತದಲ್ಲಿ ವಲಸೆ ಕುಟುಂಬಗಳು ಸ್ವಯಂ ಘೋಷಣೆಯನ್ನೇ ವಿಳಾಸಕ್ಕೆ ದಾಖಲೆಯಾಗಿ ಕೊಡಲು ಅವಕಾಶವಾಯಿತು. ಕೆಲವೇ ತಿಂಗಳು ದುಡಿಯಲು ಹೋಗುವವರಿಗೆ ವಿಳಾಸದ ದಾಖಲೆ ಕೇಳದೆ ಮಾರುವ 5 ಕಿಲೋ ಸಿಲಿಂಡರ್ ಅನುಕೂಲ. ಊರಿನ ಸಂಪರ್ಕವನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ.

ಆಯ್ಕೆ ಇರುವ ಕಡೆ

ಕರೆಂಟಿನಲ್ಲಿ ಕಂಪನಿ ಬದಲಿಸುವ ಅವಕಾಶ ಇರುವ ಜಾಗ ಈ ಭಾಗದವರು ದುಡಿಯಲು ಹೋಗುವ ಮುಂಬೈಯಲ್ಲೇ ಇದೆ. 2008ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು 2009ರ ಮಹಾರಾಷ್ಟ್ರ ಆಯೋಗದ ಆದೇಶದ ನಂತರ ಅಲ್ಲಿನ ಉಪನಗರಗಳ ಮನೆಗಳು ರಿಲಯನ್ಸ್‌ನಿಂದ ಟಾಟಾ ಪವರ್‌ಗೆ ಬದಲಾಗಬಹುದಾಯಿತು. ರಿಲಯನ್ಸ್ ಜಾಗಕ್ಕೆ 2018ರಲ್ಲಿ ಅದಾನಿ ಬಂತು. ತಂತಿ ಒಬ್ಬರದು, ಬಿಲ್ ಇನ್ನೊಬ್ಬರದು ಎಂಬ ಏರ್ಪಾಡು ಅದು. ಬ್ರಿಟನ್ನಿನಲ್ಲಿ 1998-99ರಿಂದ, ಅಮೆರಿಕದ ಟೆಕ್ಸಾಸ್‌ನ ಬಹುಭಾಗದಲ್ಲಿ 2002ರಿಂದ ಮನೆಗಳಿಗೆ ಇಂಥ ಆಯ್ಕೆ ಇದೆ. ಬ್ರಿಟನ್ನಿನಲ್ಲಿ ಹೊಸ ಮನೆಗೆ ಹೋದವರು ಮೊದಲ ದಿನ ಆ ಮನೆಗೆ ಈಗಾಗಲೇ ಇರುವ ಕಂಪನಿಯ ಗ್ರಾಹಕರೇ ಆಗುತ್ತಾರೆ. ಮೀಟರ್ ಅಂಕಿ ಕಳಿಸಿ, ಆಮೇಲೆ ಬೇರೆ ಕಂಪನಿಗೆ ಹೋಗುತ್ತಾರೆ. ಆಯ್ಕೆ ಎಷ್ಟೇ ಇದ್ದರೂ ಮೊದಲ ದಿನದ ಮೀಟರ್ ಅಂಕಿಯನ್ನು ಬರೆದಿಡದೆ ಅಲ್ಲಿಯೂ ಲೆಕ್ಕ ಸರಿಹೋಗುವುದಿಲ್ಲ.

ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳಿಗೆ ವಿತರಣೆಯ ದಾರಿ ಸುಗಮಗೊಳಿಸುವ ತಿದ್ದುಪಡಿ ಮಸೂದೆ 2022ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡನೆಯಾಗಿ, ಸ್ಥಾಯಿ ಸಮಿತಿಗೆ ಹೋಗಿ, ಆ ಲೋಕಸಭೆಯ ಅವಧಿಯೊಳಗೆ ಕಾಯ್ದೆಯಾಗಲಿಲ್ಲ. ಲಾಭ ತರುವ ನಗರಗಳಿಗೆ ಖಾಸಗಿ ಕಂಪನಿಗಳು ಮುಗಿಬಿದ್ದು, ಪಂಪ್‌ಸೆಟ್ಟುಗಳೇ ಹೆಚ್ಚಿರುವ ಹಳ್ಳಿಗಳ ಭಾರ ಸರ್ಕಾರಿ ಕಂಪನಿಗಳ ಮೇಲೆಯೇ ಬೀಳುತ್ತದೆ ಎಂಬುದು ಅದರ ವಿರುದ್ಧ ಎದ್ದ ಮುಖ್ಯ ಆಕ್ಷೇಪ. ಅಫಜಲಪುರದಂಥ ತಾಲ್ಲೂಕಿಗೆ ಈ ಆಕ್ಷೇಪ ನೇರವಾಗಿ ತಾಗುತ್ತದೆ.

ಕೆಲಸ ಆಗದಿದ್ದರೆ

ಒಬ್ಬನೇ ಪೂರೈಕೆದಾರ ಇರುವಲ್ಲಿ ಸೇವೆ ಸರಿಯಿಲ್ಲವೆಂದು ಬೇರೆಯವರ ಬಳಿ ಹೋಗಲಾಗದು. ಕೇಳುವ ಹಕ್ಕನ್ನೇ ಗ್ರಾಹಕ ಬಳಸಬೇಕು. ಮೊದಲ ಮೆಟ್ಟಿಲು ಸೆಕ್ಷನ್ ಕಚೇರಿ ಮತ್ತು 1912 ಸಹಾಯವಾಣಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳುವುದು ಕಡ್ಡಾಯ ಎಂದೇ ತಿಳಿಯಬೇಕು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬಹುದು. ಅದರ ತೀರ್ಮಾನವೂ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಗ್ಯಾಸ್ ಸೋರಿಕೆಗೆ 1906 ಸಂಖ್ಯೆ ಹಗಲು ರಾತ್ರಿ ಲಭ್ಯ. ಈ ಯಾವ ಕಡೆಯೂ ಮಾತಿಗಿಂತ ಕಾಗದಕ್ಕೆ ತೂಕ ಹೆಚ್ಚು: ಅರ್ಜಿಯ ಸ್ವೀಕೃತಿ, ಅಂತಿಮ ಬಿಲ್, ಬೇಬಾಕಿ ಪತ್ರ, ಠೇವಣಿ ರಸೀದಿ, ಗ್ಯಾಸ್ ವೋಚರ್. ಮನೆ ಬದಲಿಸುವ ಕುಟುಂಬ ಈ ಐದನ್ನು ಸಾಮಾನಿನ ಗಂಟಿಗೆ ಸೇರಿಸದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.