ಹಳೇ ಬಾಯ್ಲರಿನ ಅಂಕಿಯನ್ನು ನಂಬಬೇಡಿ

ಬ್ರಿಟನ್ನಿನ ಮನೆಗಳಲ್ಲಿ ಬಾಯ್ಲರ್ ಕೈಕೊಡುವುದು ಹೆಚ್ಚಾಗಿ ಚಳಿಗಾಲದಲ್ಲೇ, ಅದಕ್ಕೆ ಬಿಡುವಿಲ್ಲದ ಕೆಲಸ ಬಿದ್ದಾಗ. ರೇಡಿಯೇಟರುಗಳು ತಣ್ಣಗಾಗಿವೆ, ಮಕ್ಕಳು ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡಿದ್ದಾರೆ. ಯೋಚಿಸಲು ಯಾರಿಗೂ ಪುರಸೊತ್ತಿಲ್ಲ. ಗ್ಯಾಸ್ ಎಂಜಿನಿಯರ್ ಬಂದು ಹಳೇ ಯಂತ್ರದ ಫಲಕ ನೋಡುತ್ತಾರೆ: 28 ಕಿಲೋವ್ಯಾಟ್. ‘ಯಾವುದಕ್ಕೂ ಇರಲಿ, 30ರದ್ದೇ ಹಾಕಿಬಿಡೋಣ’ ಎನ್ನುತ್ತಾರೆ. ಮನೆಯನ್ನು ಮಾತ್ರ ಯಾರೂ ಅಳೆಯುವುದಿಲ್ಲ.

ಮನೆಗೆ ಬೇಕಾದ ಬಿಸಿ ಎಂದರೆ ಅದು ಹೊರಗೆ ಸೋರಿಸುವಷ್ಟು ಬಿಸಿ. ವಿಕ್ಟೋರಿಯಾ ಕಾಲದ ಒಂಬತ್ತಿಂಚಿನ ಇಟ್ಟಿಗೆ ಗೋಡೆಯನ್ನೇ ನೋಡಿ. ಒಳಗಿಗೂ ಹೊರಗಿಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಅದು ಚದರ ಮೀಟರಿಗೆ ಸುಮಾರು 2 ವ್ಯಾಟ್ ಬಿಟ್ಟುಕೊಡುತ್ತದೆ. ಹೊರಗೆ ಸೊನ್ನೆಗಿಂತ 2 ಡಿಗ್ರಿ ಕೆಳಗಿದ್ದು, ಒಳಗೆ 21 ಡಿಗ್ರಿ ಬೇಕೆಂದರೆ ಅಂತರ 23. ಹತ್ತು ಚದರ ಮೀಟರ್ ಗೋಡೆಯಿಂದಲೇ 460 ವ್ಯಾಟ್ ಹೋಯಿತು. ನಡುವಿನ ಟೊಳ್ಳಿಗೆ ನಿರೋಧಕ ತುಂಬಿದ ಜೋಡಿಗೋಡೆಯಾದರೆ ನಷ್ಟ 115 ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಕಿಟಕಿ, ಸೂರು, ನೆಲ, ಸಂದುಗಳಲ್ಲಿ ನುಗ್ಗುವ ಗಾಳಿ ಎಲ್ಲವನ್ನೂ ಕೂಡಿಸಿದರೂ ಮೂರು ಬೆಡ್‌ರೂಮಿನ ಸಾಧಾರಣ ಮನೆ ಹಲವು ಸಲ 6ರಿಂದ 8 ಕಿಲೋವ್ಯಾಟಿಗೇ ನಿಲ್ಲುತ್ತದೆ.

ಹಾಗಾದರೆ 28 ಯಾಕೆ? ನಲ್ಲಿ ನೀರಿಗಾಗಿ. ಬ್ರಿಟನ್ನಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ‘ಕಾಂಬಿ’ ಬಾಯ್ಲರ್, ರೇಡಿಯೇಟರುಗಳನ್ನೂ ಕಾಯಿಸುವ ಒಂದು ದೊಡ್ಡ ಗ್ಯಾಸ್ ಗೀಜರ್ ಇದ್ದ ಹಾಗೆ. ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸುತ್ತದೆ. ನಿಮಿಷಕ್ಕೆ 10 ಲೀಟರ್ ನೀರನ್ನು 35 ಡಿಗ್ರಿ ಮೇಲೇರಿಸಲು 24 ಕಿಲೋವ್ಯಾಟಿಗಿಂತ ತುಸು ಹೆಚ್ಚೇ ಬೇಕು. ಆದ್ದರಿಂದ ಕಾಂಬಿಯ ದೊಡ್ಡ ಅಂಕಿ ಸ್ನಾನದ್ದು, ಕೋಣೆಗಳದ್ದಲ್ಲ. ಬಿಸಿನೀರಿಗೆ ಪ್ರತ್ಯೇಕ ಸಿಲಿಂಡರ್ ಇರುವ ಮನೆಗೆ ಈ ಸಮಸ್ಯೆಯೇ ಇಲ್ಲ. ನೀರು ನಿಧಾನವಾಗಿ ಕಾದು ತೊಟ್ಟಿಯಲ್ಲಿ ನಿಂತಿರುವುದರಿಂದ 12 ಕಿಲೋವ್ಯಾಟಿನ ಯಂತ್ರವೂ ಸಾಕಾಗಬಹುದು.

ದೊಡ್ಡದಿದ್ದರೆ ನಷ್ಟವೇನು ಎಂಬ ಪ್ರಶ್ನೆಗೆ ಉತ್ತರ ಹೊಗೆಯಲ್ಲಿದೆ. ಗ್ಯಾಸ್ ಉರಿದಾಗ ನೀರಾವಿ ಹುಟ್ಟುತ್ತದೆ; ಉರಿಯ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಆ ಆವಿಯಲ್ಲಿ ಅಡಗಿರುತ್ತದೆ. ಕಂಡೆನ್ಸಿಂಗ್ ಬಾಯ್ಲರ್ ಆವಿಯನ್ನು ಮತ್ತೆ ನೀರಾಗಿಸಿ ಆ ಪಾಲನ್ನು ಹಿಡಿದುಕೊಳ್ಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ 2005ರಿಂದ ಇದನ್ನು ಬಹುತೇಕ ಕಡ್ಡಾಯ ಮಾಡಿದ್ದು ಈ ಲಾಭಕ್ಕಾಗಿಯೇ. ಒಂದು ಷರತ್ತಿದೆ: ರೇಡಿಯೇಟರುಗಳಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. ಅದಕ್ಕಿಂತ ಬಿಸಿಯಾದರೆ ಆವಿ ಆವಿಯಾಗಿಯೇ ಕೊಳವೆಯಿಂದ ಹೊರಟುಹೋಗುತ್ತದೆ. ಕೋಣೆಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಬಿಸಿ ತಳ್ಳುವ ದೊಡ್ಡ ಯಂತ್ರದಲ್ಲಿ ನೀರು ಹಾಗೆ ಬಿಸಿಯಾಗಿಯೇ ಮರಳುವುದು ಸುಲಭ.

ಇನ್ನೊಂದು ಅಂಕಿಯನ್ನು ಯಾರೂ ಕೇಳುವುದೇ ಇಲ್ಲ. ಬಾಯ್ಲರ್ ತನ್ನ ಉರಿಯನ್ನು ಎಷ್ಟರಮಟ್ಟಿಗೆ ತಗ್ಗಿಸಬಲ್ಲದು? ನಾಲ್ಕನೇ ಒಂದಕ್ಕೆ ಮಾತ್ರ ಇಳಿಯಬಲ್ಲ 24ರ ಯಂತ್ರ 6 ಕಿಲೋವ್ಯಾಟಿಗಿಂತ ಕೆಳಗೆ ಉರಿಯಲಾರದು. ಏಪ್ರಿಲ್ ತಿಂಗಳಲ್ಲಿ ಮನೆಗೆ 2 ಸಾಕು. ಆಗ ಅದು ಹೊತ್ತುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಪ್ರತಿ ಸಲ ಹೊತ್ತುವ ಮುನ್ನ ಫ್ಯಾನು ಒಳಗಿನ ಬಿಸಿಯನ್ನು ಹೊರಕ್ಕೆ ಊದುತ್ತದೆ. ಬಿಡಿಭಾಗಗಳೂ ಬೇಗ ಸವೆಯುತ್ತವೆ. ಹತ್ತನೇ ಒಂದಕ್ಕೆ ಇಳಿಯಬಲ್ಲ ಯಂತ್ರವಾದರೆ 2.4ರಲ್ಲಿ ಬಹುಮಟ್ಟಿಗೆ ಸಮಾಧಾನವಾಗಿ ಉರಿಯುತ್ತಿರುತ್ತದೆ.

ಬಾಯ್ಲರ್ ಕೆಡುವ ಮೊದಲೇ ಮನೆಯವರು ಒಂದು ಅಂದಾಜು ಮಾಡಿಟ್ಟುಕೊಳ್ಳಬಹುದು. ಕಡುಚಳಿಯ ದಿನ ಹೀಟಿಂಗ್ ಆರಿಸದೆ ಬಿಟ್ಟು, ಇಪ್ಪತ್ತನಾಲ್ಕು ಗಂಟೆಯ ಗ್ಯಾಸ್ ಮೀಟರ್ ಓದಿಕೊಳ್ಳುವುದು. ಒಂದು ಘನ ಮೀಟರ್ ಗ್ಯಾಸ್ ಎಂದರೆ ಸುಮಾರು 11 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಕ್ತಿ. 14 ಘನ ಮೀಟರ್ ಖರ್ಚಾಗಿದ್ದರೆ 154 ಯೂನಿಟ್. 24ರಿಂದ ಭಾಗಿಸಿದರೆ 6.4 ಕಿಲೋವ್ಯಾಟ್. ಅದರಲ್ಲಿ ಸ್ನಾನ, ಅಡುಗೆ, ಹೊಗೆಯಲ್ಲಿ ಹೋದದ್ದೂ ಸೇರಿರುವುದರಿಂದ ಮನೆಯ ನಿಜವಾದ ಬೇಡಿಕೆ ಇನ್ನೂ ಕಡಿಮೆ.

ಕಾಂಬಿಯನ್ನೇ ಹಾಕಿಸಿದರೂ ಹಲವು ಮಾದರಿಗಳಲ್ಲಿ ನಲ್ಲಿ ನೀರಿಗೆ ಪೂರ್ತಿ ಬಲ ಬಿಟ್ಟು, ಹೀಟಿಂಗಿಗೆ ಮಾತ್ರ ಮಿತಿ ಹಾಕುವ ಸೌಲಭ್ಯವಿದೆ. ಆ ಕೆಲಸ ನೋಂದಾಯಿತ ಗ್ಯಾಸ್ ಎಂಜಿನಿಯರ್ ಮಾಡಬೇಕಾದದ್ದು. ಆದ್ದರಿಂದ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಕೊಟೇಶನ್ ಕೇಳುವಾಗ ಬೆಲೆಗಿಂತ ಮೊದಲು ಎರಡು ವಿಷಯ ಕೇಳಲಿ: ಕೋಣೆ ಕೋಣೆಯ ಶಾಖನಷ್ಟದ ಲೆಕ್ಕ ಎಲ್ಲಿ, ಈ ಯಂತ್ರ ಎಷ್ಟು ಕಡಿಮೆ ಉರಿಯಲ್ಲಿ ನಡೆಯಬಲ್ಲದು? ಎರಡಕ್ಕೂ ಅಂಕಿಯಲ್ಲೇ ಉತ್ತರ ಕೊಡುವವರಿಗೆ ಕೆಲಸ ಒಪ್ಪಿಸಿ.